ಕಾಲೇಜು ಖರ್ಚಿನ ಸಲಹೆಗೆ ಹತ್ತನೇ ತರಗತಿಯಲ್ಲೇ ಹೋಗಿ

ಅಮೆರಿಕದಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸುವ ಎಷ್ಟೋ ಅಪ್ಪ ಅಮ್ಮಂದಿರು ಹಣದ ವಿಷಯ ಕೈಗೆತ್ತಿಕೊಳ್ಳುವುದು ಹನ್ನೆರಡನೇ ತರಗತಿಯಲ್ಲಿ, ಕಾಲೇಜು ಖರ್ಚಿಗೆ ಸರ್ಕಾರದ ನೆರವು ಕೇಳುವ ಫಾಫ್ಸಾ ಅರ್ಜಿ ತುಂಬುವಾಗ. ಅಷ್ಟು ಹೊತ್ತಿಗೆ ಲೆಕ್ಕದ ದೊಡ್ಡ ಭಾಗ ಮುಗಿದುಹೋಗಿರುತ್ತದೆ. ಫಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಟ್ಯಾಕ್ಸ್ ರಿಟರ್ನ್. 2028ರ ಆಗಸ್ಟ್‌ನಲ್ಲಿ ಕಾಲೇಜು ಸೇರುವ ಹುಡುಗಿಗೆ 2026ರ ಆದಾಯವೇ ಆಧಾರ. ಅಂದರೆ ಅವಳು ಹತ್ತನೇ ತರಗತಿಯ ನಡುವಿನಲ್ಲಿದ್ದಾಗಿನ ಜನವರಿಯಿಂದ ಹನ್ನೊಂದನೆಯ ಡಿಸೆಂಬರ್‌ವರೆಗಿನ ಗಳಿಕೆ.

ಆ ವರ್ಷ ಷೇರು ಮಾರಿ ಲಾಭ ಮಾಡಿಕೊಂಡರೆ, ನಿವೃತ್ತಿ ಖಾತೆಯ ಹಣವನ್ನು ರಾಥ್ ಖಾತೆಗೆ (ತೆರಿಗೆ ಈಗಲೇ ಕಟ್ಟುವ ನಿವೃತ್ತಿ ಖಾತೆ) ಬದಲಾಯಿಸಿದರೆ ಅದೆಲ್ಲ ಆದಾಯವಾಗಿ ಕಾಣುತ್ತದೆ. ತೆರಿಗೆ ಮತ್ತು ಜೀವನ ವೆಚ್ಚದ ವಿನಾಯಿತಿ ಕಳೆದು ಉಳಿದ ಆದಾಯದಲ್ಲಿ ಶೇ. 22ರಿಂದ 47ರಷ್ಟನ್ನು ಹೆತ್ತವರು ಕಾಲೇಜಿಗೆ ಕೊಡಬಲ್ಲರು ಎಂದು ಫಾಫ್ಸಾದ ಸೂತ್ರ ಎಣಿಸುತ್ತದೆ; ಈ ಮೊತ್ತ ಹೆಚ್ಚಿದಷ್ಟೂ ನೆರವು ಕಡಿಮೆ. ಅದೇ ಷೇರನ್ನು ಒಂದು ವರ್ಷ ಮೊದಲು ಮಾರಿದ್ದರೆ ಈ ಪೆಟ್ಟು ಇರುತ್ತಿರಲಿಲ್ಲ. ಬಲ್ಲವರ ಸಲಹೆಗೆ ನಿಜವಾದ ಬೆಲೆ ಇರುವುದು ಇಲ್ಲೇ.

ಇನ್ನು, ಹಣ ಯಾರ ಹೆಸರಿನಲ್ಲಿದೆ ಎಂಬುದು. ಮಗುವಿನ ಹೆಸರಿನಲ್ಲಿದ್ದು ದೊಡ್ಡವರು ನೋಡಿಕೊಳ್ಳುವ ಕಸ್ಟೋಡಿಯಲ್ ಖಾತೆಯಲ್ಲಿ 20,000 ಡಾಲರ್ ಇದ್ದರೆ ಅದರ ಶೇ. 20, ಅಂದರೆ 4,000 ಡಾಲರ್, ಲೆಕ್ಕಕ್ಕೆ ಸೇರುತ್ತದೆ. ಅದೇ ಮೊತ್ತ ಹೆತ್ತವರ 529 ಖಾತೆಯಲ್ಲಿದ್ದರೆ (ಓದಿನ ಖರ್ಚಿಗೆಂದೇ ಇರುವ, ತೆರಿಗೆ ರಿಯಾಯಿತಿಯ ಉಳಿತಾಯ ಖಾತೆ) ಹೆಚ್ಚೆಂದರೆ ಶೇ. 5.64, ಅಂದರೆ 1,128 ಡಾಲರ್. ಕಸ್ಟೋಡಿಯಲ್ ಹಣವನ್ನು ಮಗುವಿನದೇ ಕಸ್ಟೋಡಿಯಲ್ 529ಕ್ಕೆ ಸಾಗಿಸಬಹುದು; ಅದನ್ನೂ ಹೆತ್ತವರ ಹಣದಂತೆಯೇ ಎಣಿಸುತ್ತಾರೆ. ಆದರೆ ಹೂಡಿಕೆಯನ್ನು ಮೊದಲು ಮಾರಬೇಕು, ಲಾಭಕ್ಕೆ ತೆರಿಗೆ ಬರುತ್ತದೆ. ಆದ್ದರಿಂದ ಇದಕ್ಕೂ ಆ ಆಧಾರ ವರ್ಷಕ್ಕಿಂತ ಮೊದಲೇ ಕೈಹಾಕಬೇಕು. ವಾಸದ ಮನೆ ಮತ್ತು 401ಕೆ (ಕೆಲಸದ ಕಡೆಯ ನಿವೃತ್ತಿ ಖಾತೆ) ಉಳಿತಾಯವನ್ನು ಫಾಫ್ಸಾ ಆಸ್ತಿ ಎಂದು ಎಣಿಸುವುದಿಲ್ಲ. ಬೇರೆ ದೇಶದಲ್ಲಿರುವ ಸೈಟು, ಬಾಡಿಗೆಗೆ ಕೊಟ್ಟ ಮನೆಯನ್ನು ಮಾತ್ರ ತೋರಿಸಲೇಬೇಕು. ಇದನ್ನು ಬಿಟ್ಟುಬಿಡುವವರು ಬಹಳ.

ಆದಾಯ ಹೆಚ್ಚಿರುವ ಕುಟುಂಬಕ್ಕೆ ಇಷ್ಟೆಲ್ಲ ಮಾಡಿದರೂ ಅಗತ್ಯ ಆಧಾರಿತ ನೆರವು ಸಿಗದೇ ಹೋಗಬಹುದು. ಒಳ್ಳೆಯ ಸಲಹೆಗಾರರು ಮೊದಲ ಭೇಟಿಯಲ್ಲೇ ಅದನ್ನು ಹೇಳಿ, ಅಂಕಗಳ ಮೇಲೆ ಮೆರಿಟ್ ಹಣ ಕೊಡುವ ಕಾಲೇಜುಗಳ ಕಡೆ ಪಟ್ಟಿಯನ್ನು ತಿರುಗಿಸುತ್ತಾರೆ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನೆರವು ಕಳೆದು ನಿಮಗೆ ಬೀಳುವ ಖರ್ಚಿನ ಅಂದಾಜು ಕೊಡುವ ಪುಟ) ಅನ್ನು ಅರ್ಜಿ ಹಾಕುವ ಮೊದಲೇ ತುಂಬಿ ನೋಡಿ.

ಯಾರ ಹತ್ತಿರ ಹೋಗಬೇಕು? ಗಂಟೆಗೆ ಇಷ್ಟು ಎಂದು ಶುಲ್ಕ ಪಡೆದು, ಬೇರೇನನ್ನೂ ಮಾರದವರ ಹತ್ತಿರ. ಫಾಫ್ಸಾ ಅರ್ಜಿ ಉಚಿತ, ಅದನ್ನು ತುಂಬಿಸಲಿಕ್ಕಷ್ಟೇ ದುಡ್ಡು ಕೊಡಬೇಡಿ. "ಉಳಿತಾಯವನ್ನು ಜೀವ ವಿಮೆಗೋ ಆನ್ಯುಯಿಟಿಗೋ (ವಿಮಾ ಕಂಪನಿಯ ಪಿಂಚಣಿ ಯೋಜನೆ) ಹಾಕಿ, ಫಾಫ್ಸಾಗೆ ಕಾಣುವುದಿಲ್ಲ" ಎನ್ನುವವರಿಂದ ದೂರವಿರಿ. ಕಾಣುವುದಿಲ್ಲ ಎನ್ನುವುದು ನಿಜ. ಆದರೆ ಆ ಪಾಲಿಸಿಯ ಕಮಿಷನ್ ಅವರಿಗೆ ಹೋಗುತ್ತದೆ, ಫೀಸು ಕಟ್ಟಲು ಹಣ ವಾಪಸು ತೆಗೆಯುವಾಗ ಸರೆಂಡರ್ ಶುಲ್ಕ (ಅವಧಿಗೆ ಮೊದಲೇ ಪಾಲಿಸಿ ಬಿಟ್ಟದ್ದಕ್ಕೆ ಕಡಿತ) ನಿಮ್ಮ ತಲೆಗೆ ಬರುತ್ತದೆ.

ಕೊನೆಗೆ ಕಾಲೇಜಿನಿಂದ ಬರುವ ನೆರವಿನ ಪತ್ರವನ್ನು ಒಬ್ಬರೇ ಓದಿ ಒಪ್ಪಿಕೊಳ್ಳಬೇಡಿ. ಒಟ್ಟು ಖರ್ಚು 60,000 ಡಾಲರ್ ಎಂದುಕೊಳ್ಳೋಣ. ಪತ್ರದಲ್ಲಿ ಗ್ರಾಂಟ್ 22,000, ವಿದ್ಯಾರ್ಥಿ ಸಾಲ 5,500, ವರ್ಕ್ ಸ್ಟಡಿ (ಓದುತ್ತಲೇ ಮಾಡುವ ಕೆಲಸ) 2,500, ಪೇರೆಂಟ್ ಪ್ಲಸ್ ಸಾಲ (ಹೆತ್ತವರು ಸರ್ಕಾರದಿಂದ ತೆಗೆಯುವ ಸಾಲ) 20,000: ಒಟ್ಟು 50,000 "ನೆರವು". ನೀವು ಕೊಡಬೇಕಾದದ್ದು ಹತ್ತು ಸಾವಿರ ಎಂಬ ಭ್ರಮೆ ಹುಟ್ಟುತ್ತದೆ. ಬಿಲ್ಲಿನಿಂದ ಕಳೆದು, ತಿರುಗಿಸಿ ಕೊಡಬೇಕಿಲ್ಲದ ಹಣ ಗ್ರಾಂಟ್ ಒಂದೇ. ವರ್ಕ್ ಸ್ಟಡಿ ದುಡಿದ ಮೇಲೆ ಕೈಗೆ ಬರುವ ಸಂಬಳ, ಬಿಲ್ಲಿನಿಂದ ಕಳೆಯುವುದಲ್ಲ. ನಿಜವಾದ ಬೆಲೆ 38,000.

2026ರ ಜುಲೈ 1ರಿಂದ ಹೊಸದಾಗಿ ಪೇರೆಂಟ್ ಪ್ಲಸ್ ಸಾಲ ತೆಗೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿ. ಮೊದಲ ಮೂರು ವರ್ಷ ಪೂರ್ತಿ ತೆಗೆದರೆ ನಾಲ್ಕನೆಯ ವರ್ಷಕ್ಕೆ ಉಳಿಯುವುದು ಐದೇ ಸಾವಿರ. ಆ ವರ್ಷದ ಹದಿನೈದು ಸಾವಿರ ಎಲ್ಲಿಂದ ಬರುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳುವ ತನಕ ಸೀಟಿಗೆ ಡಿಪಾಸಿಟ್ ಕಟ್ಟಬೇಡಿ.