ಬೈಕಿನ ಗಟ್ಟಿ ಪೆಟ್ಟಿಗೆಯೊಳಗೆ ನೀರು ಬರುವ ದಾರಿಗಳು

ಹೊಸ ಸೈಡ್ ಬಾಕ್ಸಿಗೆ ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟರೂ ಒಳಗೆ ಒಂದು ಹನಿ ಕಾಣುವುದಿಲ್ಲ. ಅದೇ ಬಾಕ್ಸು ದಿನವಿಡೀ ಬಿಸಿಲು, ಮಳೆ ಎರಡರಲ್ಲೂ ಓಡಿ ಬಂದ ಮೇಲೆ ತಳದಲ್ಲಿ ಅರ್ಧ ಲೋಟ ನೀರು ನಿಂತಿರುತ್ತದೆ. ಆಗ ಎಲ್ಲರೂ ಗಾಳಿಯ ರಭಸವನ್ನೋ ಮಳೆಯ ಜೋರನ್ನೋ ದೂರುತ್ತಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಹೆಚ್ಚಿನ ಸಲ ನೀರು ತಾನಾಗಿ ನುಗ್ಗಿರುವುದಿಲ್ಲ, ಪೆಟ್ಟಿಗೆಯೇ ಅದನ್ನು ಹೀರಿಕೊಂಡಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಬಿಸಿಲಿನಲ್ಲಿ ಪೆಟ್ಟಿಗೆಯೊಳಗಿನ ಗಾಳಿ 45 ಡಿಗ್ರಿಗೆ ಕಾದಿದೆ ಅಂದುಕೊಳ್ಳಿ. ಕಾಯುತ್ತಾ ಹಿಗ್ಗಿದ ಗಾಳಿ ಎಲ್ಲೋ ಒಂದು ಸಂದಿನಿಂದ ಹೊರಗೆ ಹೋಗಿರುತ್ತದೆ. ಈಗ ದಪ್ಪ ಮಳೆ ಬಿದ್ದು ಗಾಳಿ 20 ಡಿಗ್ರಿಗೆ ಇಳಿಯಿತು. ಒಳಗಿನ ಒತ್ತಡ ಶೇಕಡ 8ರಷ್ಟು ಕುಸಿಯಬೇಕು. ಪೆಟ್ಟಿಗೆ ಪೂರ್ತಿ ಬಿಗಿಯಾಗಿದ್ದರೆ ಈ ವ್ಯತ್ಯಾಸ ಸುಮಾರು 80 ಸೆಂ.ಮೀ. ಎತ್ತರದ ನೀರಿನ ಕಂಬಕ್ಕೆ ಸಮ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿ ಹಾಕುವ ಒತ್ತಡವಾದರೋ 5 ಸೆಂ.ಮೀ. ನೀರಿನಷ್ಟೂ ಇಲ್ಲ. ಹೀರುವ ಬಲ ಹತ್ತರಲ್ಲೊಂದು ಪಾಲಿಗೆ ಇಳಿದರೂ ಗಾಳಿಯ ಒತ್ತಡಕ್ಕಿಂತ ಜಾಸ್ತಿಯೇ. 35 ಲೀಟರಿನ ಪೆಟ್ಟಿಗೆಯಾದರೆ ತಣ್ಣಗಾಗುವಾಗ ಎರಡೂವರೆ ಲೀಟರಿಗೂ ಹೆಚ್ಚು ಗಾಳಿಯನ್ನು ಒಳಗೆಳೆಯಬೇಕು. ಅದು ಎಳೆಯುವ ಸಂದಿನ ಮೇಲೆ ಮಳೆನೀರಿನ ತೆಳುಪದರ ನಿಂತಿದ್ದರೆ ಮೊದಲು ಒಳಗೆ ಹೋಗುವುದು ಆ ನೀರು. ಮತ್ತೆ ಬಿಸಿಲು ಬಂದಾಗ ಗಾಳಿ ಹೊರಗೆ ಹೋಗುತ್ತದೆ, ತಳಕ್ಕೆ ಇಳಿದ ನೀರು ಹೋಗುವುದಿಲ್ಲ. ಹೀಗೆ ನಾಲ್ಕು ಸಲ ಬಿಸಿಲು-ಮಳೆ ಆದರೆ ನಾಲ್ಕು ಗುಟುಕು.

ಘಾಟಿ ಇಳಿಯುವಾಗಲೂ ಇದೇ ಕತೆ. 3000 ಮೀಟರ್ ಎತ್ತರದಲ್ಲಿ ಮುಚ್ಚಳ ತೆರೆದು ಹಾಕಿದಿರಿ ಎಂದರೆ ಒಳಗೆ ಉಳಿದದ್ದು ಅಲ್ಲಿನ ತೆಳು ಗಾಳಿ. ಕೆಳಗಿಳಿಯುತ್ತಾ ಹೊರಗಿನ ಒತ್ತಡ ಏರುತ್ತದೆ. ಇಳಿದ ಮೇಲೆ ಮುಚ್ಚಳ ಕಚ್ಚಿಕೊಂಡು ತೆರೆಯಲು ಒದ್ದಾಡಿಸಿದರೆ ಗ್ಯಾಸ್ಕೆಟ್, ಅಂದರೆ ಮುಚ್ಚಳದ ಅಂಚಿನ ಸಂದು ಮುಚ್ಚುವ ರಬ್ಬರ್ ಪಟ್ಟಿ, ಗಟ್ಟಿಮುಟ್ಟಾಗಿದೆ ಎಂದು ಖುಷಿಪಡಬಹುದು.

ಪೆಟ್ಟಿಗೆಯ ಮೇಲೆ ಬರೆದಿರುವ, ನೀರು-ಧೂಳು ಎಷ್ಟು ತಡೆಯುತ್ತದೆಂದು ಹೇಳುವ ಐಪಿ ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಬೀಳುವ ಸಿಂಚನ ತಡೆಯುತ್ತದೆ. ಐಪಿಎಕ್ಸ್5 ಎಂದರೆ 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ಹೊಡೆತ, ಐಪಿಎಕ್ಸ್6 ಎಂದರೆ 12.5 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 100 ಲೀಟರ್. ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಡುವುದು. ಮುಳುಗು ಪರೀಕ್ಷೆ ಗೆದ್ದದ್ದು ನೀರಿನ ಹೊಡೆತವನ್ನೂ ಗೆಲ್ಲುತ್ತದೆ ಎಂದೇನಿಲ್ಲ, ಅದು ಬೇರೆಯೇ ಪರೀಕ್ಷೆ. ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ. ಮುಳುಗು ಪರೀಕ್ಷೆಯಲ್ಲಿ ನೀರಿಗೂ ಪೆಟ್ಟಿಗೆಗೂ ಇರುವ ಉಷ್ಣಾಂಶದ ಅಂತರ 5 ಡಿಗ್ರಿ ದಾಟಬಾರದು ಎಂದು ಆ ಮಾನದಂಡವೇ ಹೇಳುತ್ತದೆ. ಕಾದ ಪೆಟ್ಟಿಗೆಯ ಮೇಲೆ ತಣ್ಣನೆ ಮಳೆ ಬೀಳುವ ಸಂದರ್ಭವನ್ನು ಅದು ಅಳೆಯುವುದೇ ಇಲ್ಲ. ನಮಗೆ ರಸ್ತೆಯಲ್ಲಿ ಎದುರಾಗುವುದು ಅದೇ.

ಹಾಗಾಗಿ ಮನೆಯಲ್ಲಿ ಪರೀಕ್ಷಿಸುವಾಗ ಆ ಸಂದರ್ಭವನ್ನೇ ಹುಟ್ಟಿಸಬೇಕು. ಒಳಗೆ ತಳಕ್ಕೂ ನಾಲ್ಕು ಗೋಡೆಗೂ ಒಣ ಕಾಗದ ಹರಡಿ, ಮುಚ್ಚಳ ಹಾಕಿ, ಒಂದು ಗಂಟೆ ಸುಡುಬಿಸಿಲಿನಲ್ಲಿ ಇಡಿ. ಆಮೇಲೆ ತಣ್ಣೀರಿನ ಪೈಪು ಹಿಡಿಯಿರಿ. ಹೊಡೆತ ಜೋರಾಗಿರಬೇಕಿಲ್ಲ, ನೀರು ಹರಿಯುತ್ತಿದ್ದರೆ ಸಾಕು. ಪ್ರೆಶರ್ ವಾಷರ್ ಬೇಡವೇ ಬೇಡ, ಅದು ಸರಿಯಾಗಿರುವ ಗ್ಯಾಸ್ಕೆಟ್ಟಿನ ಅಂಚನ್ನೂ ಎತ್ತಿಬಿಡುತ್ತದೆ. ಐದು ನಿಮಿಷ ತಳಕ್ಕೆ ಮಾತ್ರ ನೀರು ಬಿಟ್ಟು, ಒರೆಸಿ, ತೆರೆದು ನೋಡಿ. ಮತ್ತೆ ಬಿಸಿ ಮಾಡಿ ಗೋಡೆಗಳಿಗೆ, ಕೊನೆಗೆ ಮುಚ್ಚಳಕ್ಕೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ಏಕೆಂದರೆ ಮೇಲೆ ಸುರಿದ ನೀರು ಎಲ್ಲ ಸಂದುಗಳ ಮೇಲೂ ಹರಿದು, ಯಾವುದು ಸೋರಿತೆಂದು ಗೊತ್ತಾಗದಂತೆ ಮಾಡುತ್ತದೆ. ಕಾಗದದ ಒದ್ದೆ ಕಲೆ ಎಲ್ಲಿ ಚೂಪಾಗಿ ಶುರುವಾಗಿದೆಯೋ ಅದೇ ದಾರಿ.

ಸೋರಿಕೆಯೋ ಬರೀ ತೇವವೋ ಎಂಬ ಗೊಂದಲಕ್ಕೂ ಒಂದು ಅಳತೆ ಇದೆ. 30 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿ ಘನ ಮೀಟರಿಗೆ 30 ಗ್ರಾಂ ನೀರು ಹಿಡಿದಿರುತ್ತದೆ. 40 ಲೀಟರಿನ ಪೆಟ್ಟಿಗೆಯಲ್ಲಿ ಅದು 1.2 ಗ್ರಾಂ, ಅಂದರೆ ಕಾಲು ಚಮಚ. ಗೋಡೆಯ ಮೇಲೆ ಮಂಜಿನಂತೆ ಹನಿ ಕೂತಿದ್ದರೆ ಅದು ಗಾಳಿಯ ತೇವ. ತಳದಲ್ಲಿ ಚಮಚಗಟ್ಟಲೆ ನೀರಿದ್ದರೆ ಒಂದೋ ಸೋರಿದೆ, ಇಲ್ಲ ನೀವೇ ಒದ್ದೆ ಕೈಚೀಲವನ್ನೋ ರೇನ್ ಕೋಟನ್ನೋ ಒಳಗಿಟ್ಟಿದ್ದೀರಿ.

ಈಗ ಗ್ಯಾಸ್ಕೆಟ್. ಬೆರಳನ್ನು ಅದರ ಉದ್ದಕ್ಕೂ ನಿಧಾನವಾಗಿ ಓಡಿಸಿ. ಚೆನ್ನಾಗಿರುವ ರಬ್ಬರ್ ಒತ್ತಿದರೆ ಕೂಡಲೇ ಮೇಲೆದ್ದು ಬರುತ್ತದೆ. ಹಳೆಯದಾದರೆ ಮುಚ್ಚಳದ ಅಂಚು ಕೂತ ಜಾಗದಲ್ಲಿ ಕಾಲುವೆಯಂತೆ ಗೆರೆ ಬಿದ್ದಿರುತ್ತದೆ, ಆ ಗೆರೆಯಲ್ಲಿ ನುಣ್ಣನೆ ಮರಳು ಸಾಲಾಗಿ ಕೂತಿರುತ್ತದೆ. ಅರ್ಧ ಮಿ.ಮೀ. ಮರಳಿನ ಕಣ ಸಾಕು ಪಕ್ಕದಲ್ಲಿ ಸಣ್ಣ ಸುರಂಗ ತೆರೆಯಲು. ಗ್ಯಾಸ್ಕೆಟ್ ಮೇಲೆ ಸಿಕ್ಕಿಬಿದ್ದ ಪ್ಲಾಸ್ಟಿಕ್ ಚೀಲದ ಮೂಲೆ, ಬಟ್ಟೆಯ ದಾರ ಇನ್ನೂ ಕೆಟ್ಟದ್ದು. ದಾರವಂತೂ ದೀಪದ ಬತ್ತಿ ಎಣ್ಣೆ ಎಳೆದಂತೆ ನೀರನ್ನು ಎಳೆಯುತ್ತಲೇ ಇರುತ್ತದೆ. ಪುಸ್ತಕದಂತೆ ಪಕ್ಕಕ್ಕೆ ತೆರೆಯುವ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಇದು ಹೆಚ್ಚು, ಏಕೆಂದರೆ ಸಾಮಾನು ಅಂಚಿನ ಮೇಲೆ ಜಾರುತ್ತದೆ. ಅವುಗಳ ಸಂದು ತಳದಲ್ಲೂ ಹಾದುಹೋಗುವುದರಿಂದ ಚಕ್ರ ಎರಚುವ ಕೆಸರುನೀರು ನೇರ ಅದಕ್ಕೇ ಬಡಿಯುತ್ತದೆ. ಮಂಡಿಯಿಂದ ಅದುಮಿ ಮುಚ್ಚುವಷ್ಟು ತುಂಬಿದರಂತೂ ಗೋಡೆ ಹೊರಗೆ ಬಾಗಿ ಎರಡು ಚಿಲಕಗಳ ನಡುವೆ ಸಂದು ಬಿಡುತ್ತದೆ. ಮೇಲಿನಿಂದ ತೆರೆಯುವ ಪೆಟ್ಟಿಗೆಯನ್ನೇ ನಾನು ಮೆಚ್ಚುವುದು ಇದೇ ಕಾರಣಕ್ಕೆ.

ಬಿಗಿ ನೋಡಲು ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ಮುಚ್ಚಳದಡಿ ಇಟ್ಟು, ಚಿಲಕ ಹಾಕಿ, ಎಳೆಯಿರಿ. ಸುತ್ತಲೂ ಹತ್ತು ಸೆಂ.ಮೀ.ಗೆ ಒಮ್ಮೆ ಹೀಗೆ ಮಾಡಿ. ಸಲೀಸಾಗಿ ಜಾರಿ ಬಂದ ಕಡೆ ಒತ್ತಡ ಸಾಲದು. ಗ್ಯಾಸ್ಕೆಟ್ ಬದಲಿಸುವುದೇ ಆದರೆ ಅದನ್ನು ತೆಗೆದು, ಆ ಜಾಗದಲ್ಲಿ ಮಕ್ಕಳು ಆಡುವ ಮೇಣದ ಜೇಡಿಯ ಉಂಡೆಗಳನ್ನು ಇಟ್ಟು ಮುಚ್ಚಳ ಹಾಕಿ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಜವಾದ ಸಂದು. ಅದು 7 ಮಿ.ಮೀ. ಇದ್ದರೆ 10 ಮಿ.ಮೀ. ಸ್ಪಂಜು ರಬ್ಬರ್ ಸರಿಹೋಗುತ್ತದೆ, ಶೇಕಡ 30ರಷ್ಟು ಒತ್ತಿಕೊಳ್ಳುತ್ತದೆ. ಇನ್ನೂ ದಪ್ಪ ಹಾಕಿದರೆ ಒಳ್ಳೆಯದು ಎನ್ನುವುದು ತಪ್ಪು ಲೆಕ್ಕ: ಮುಚ್ಚಳ ನಡುವೆ ಉಬ್ಬುತ್ತದೆ, ಕೀಲು ಸೋಲುತ್ತದೆ. ಕೊಳ್ಳುವಾಗ ಒಂದು ತುಂಡನ್ನು ನೀರಿನಲ್ಲಿ ಹಿಂಡಿ ಬಿಡಿ. ನೀರು ಕುಡಿದು ಭಾರವಾದರೆ ಅದರ ರಂಧ್ರಗಳು ಒಂದಕ್ಕೊಂದು ತೆರೆದಿವೆ, ಅದು ಬೇಡ. ಮುಚ್ಚಿದ ರಂಧ್ರಗಳ ಇಪಿಡಿಎಂ ಎಂಬ ಕೃತಕ ರಬ್ಬರ್ ಬೇಕು. ಹಳೆಯ ಅಂಟನ್ನು ಪೂರ್ತಿ ಕೆರೆದು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಪಟ್ಟಿಯನ್ನು ಎಳೆದು ಅಂಟಿಸಬೇಡಿ, ಎಳೆದದ್ದು ದಿನ ಕಳೆದಂತೆ ಕುಗ್ಗಿ ಮೂಲೆಗಳಲ್ಲಿ ಬಿಟ್ಟುಕೊಳ್ಳುತ್ತದೆ. ಎರಡು ತುದಿ ಸೇರುವ ಜಾಗ ಹಿಂಬದಿಯಲ್ಲಿರಲಿ, ಎದುರುಗಾಳಿಯ ಕಡೆ ಬೇಡ. 2–3 ಮಿ.ಮೀ. ಹೆಚ್ಚಿಗೆ ಕತ್ತರಿಸಿ, ತುದಿಗಳನ್ನು ಒಂದಕ್ಕೊಂದು ಒತ್ತಿ, ಸೂಪರ್ ಗ್ಲೂ ಹಾಕಿ.

ಆರೈಕೆಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಚೈನಿಗೆ ಹಾಕುವ ಎಣ್ಣೆ, ಸಾಮಾನ್ಯ ಗ್ರೀಸ್ ಇಪಿಡಿಎಂ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ.

ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಗ್ಯಾಸ್ಕೆಟ್ಟಿಗಿಂತ ಮೊದಲು ತಗಡುಗಳನ್ನು ಜೋಡಿಸಿರುವ ರಿವೆಟ್ಟುಗಳನ್ನು ಅನುಮಾನಿಸಿ. ಸಾಧಾರಣ ಪಾಪ್ ರಿವೆಟ್ ನಡುವೆ ಟೊಳ್ಳು. ಒಳಗೆ ಉಳಿದಿರುವ ಕಡ್ಡಿಯ ತುಂಡು ಅದುರಿ ಅದುರಿ ಬಿದ್ದುಹೋದರೆ ಗೋಡೆಯ ಆಚೆಯಿಂದ ಈಚೆಗೆ ನೇರ ತೂತು. ಕತ್ತಲೆಯಲ್ಲಿ ಒಳಗೆ ಟಾರ್ಚ್ ಹಚ್ಚಿಟ್ಟರೆ ಸೂಜಿಮೊನೆಯಂಥ ಬೆಳಕು ಕಾಣುತ್ತದೆ. ರಿವೆಟ್ಟಿನ ತಲೆಯ ಸುತ್ತ ಕಪ್ಪು-ಬೂದು ಪುಡಿಯ ಉಂಗುರ ಕಂಡರೆ ಅದು ಸಡಿಲಾಗಿ ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದರ್ಥ. ಅದರ ಮೇಲೆ ಸೀಲಂಟ್ (ಸಂದು ಮುಚ್ಚುವ ಅಂಟು) ಬಳಿಯುವುದು ವ್ಯರ್ಥ. ಡ್ರಿಲ್ ಮಾಡಿ ತೆಗೆದು, ತುದಿ ಮುಚ್ಚಿದ ರಿವೆಟ್ಟನ್ನು ಪಾಲಿಯುರೆಥೇನ್ ಸೀಲಂಟಿನಲ್ಲಿ ಅದ್ದಿ ಹೊಡೆಯಬೇಕು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಬೇಡ. ಅದರಿಂದ ಹೊರಡುವ ಆಮ್ಲ ಅಲ್ಯೂಮಿನಿಯಂ ತಿನ್ನುತ್ತದೆ, ಒಮ್ಮೆ ಬಳಿದ ಜಾಗಕ್ಕೆ ಆಮೇಲೆ ಬೇರೇನೂ ಅಂಟುವುದಿಲ್ಲ.

ತಳದ ಸಂದು ನೋಡಲು ಪೆಟ್ಟಿಗೆಯನ್ನು ಬೈಕಿನಿಂದ ಬಿಚ್ಚಿ, ಒಣ ಕಾಗದದ ಮೇಲಿಟ್ಟು, ಒಳಗೆ 10 ಸೆಂ.ಮೀ. ನೀರು ತುಂಬಿ ಅರ್ಧ ಗಂಟೆ ಬಿಡಿ. ಬೀಗದ ತೂತು, ಹಿಡಿಕೆಯ ಬೋಲ್ಟು, ಟಾಪ್ ಬಾಕ್ಸಿನ ಬ್ರೇಕ್ ದೀಪದ ವೈರು ಒಳಬರುವ ಜಾಗ, ಬೆನ್ನೊರಗಿನ ಸ್ಕ್ರೂ ಇವೂ ಪಟ್ಟಿಯಲ್ಲಿವೆ. ನಾವೇ ಕೊರೆದ ತೂತುಗಳು ಅದರಲ್ಲಿ ಮೊದಲು. ಒಮ್ಮೆ ಬಿದ್ದ ಪೆಟ್ಟಿಗೆಯ ಬಾಯಿಯನ್ನು ಗಾಜಿನ ಮೇಜಿನ ಮೇಲೆ ಬೋರಲು ಹಾಕಿ ನೋಡಿ. ಎರಡು ಮೂಲೆ ಎದ್ದು ಕುಣಿದರೆ ಯಾವ ಗ್ಯಾಸ್ಕೆಟ್ಟೂ ಅದನ್ನು ಕಾಯಲಾರದು. ಒಳಗೊಂದು ಹೊರಗೊಂದು ಮರದ ತುಂಡಿಟ್ಟು ರಬ್ಬರ್ ಸುತ್ತಿಗೆಯಿಂದ ಅಂಚನ್ನು ಮೊದಲು ನೇರ ಮಾಡಬೇಕು.

ಹೀರುವಿಕೆಗೆ ಮದ್ದು, ಪೆಟ್ಟಿಗೆಗೆ ಉಸಿರಾಡಲು ದಾರಿ ಕೊಡುವುದು. ತಳಕ್ಕೆ ಸಣ್ಣ ತೂತು ಕೊರೆಯಿರಿ ಎಂಬ ಸಲಹೆ ಚಾಲ್ತಿಯಲ್ಲಿದೆ. ಒತ್ತಡ ಸರಿಹೋಗುವುದು ನಿಜ, ಆದರೆ ಚಕ್ರದ ಕೆಸರಿಗೂ ಅದು ಬಾಗಿಲು. ಗಾಳಿ ಬಿಟ್ಟು ನೀರು ತಡೆಯುವ ಪೊರೆ ಇರುವ ವೆಂಟ್ ಪ್ಲಗ್ 12 ಮಿ.ಮೀ. ಅಳತೆಯಲ್ಲಿ ಸಿಗುತ್ತದೆ, ವಿದ್ಯುತ್ ಪೆಟ್ಟಿಗೆಗಳಿಗೆ ಹಾಕುವಂಥದ್ದು. ಅದನ್ನು ಬೈಕಿನ ಕಡೆಯ ಗೋಡೆಯಲ್ಲಿ, ಮೇಲ್ಭಾಗದಲ್ಲಿ, ಸೀಟಿನ ಮರೆಯಲ್ಲಿ ಕೂರಿಸಿ. ನನ್ನ ದೃಷ್ಟಿಯಲ್ಲಿ ಹೊಸ ಗ್ಯಾಸ್ಕೆಟ್ಟಿಗಿಂತ ಇದರ ಲಾಭ ದೊಡ್ಡದು.

ಹೊಳೆ ದಾಟುವವರಿಗೆ ಒಂದು ಎಚ್ಚರಿಕೆ. ಸೈಲೆನ್ಸರ್ ಪಕ್ಕದ ಪೆಟ್ಟಿಗೆ ಬಿಸಿಯಾಗಿರುತ್ತದೆ, ತಣ್ಣೀರಿಗೆ ಮುಟ್ಟಿದ ಕೂಡಲೇ ಹೀರುತ್ತದೆ. ನೀರು ಒಳಗೆ ಹೋಗದಷ್ಟು ಬಿಗಿಯಾಗಿದ್ದರೆ ಬೇರೆ ಅಪಾಯ: 35 ಲೀಟರಿನ ಎರಡು ಪೆಟ್ಟಿಗೆ ಅರ್ಧ ಮುಳುಗಿದರೆ 35 ಕಿಲೋ ಮೇಲೆತ್ತುವ ಬಲ. ಅಷ್ಟರ ಮಟ್ಟಿಗೆ ಹಿಂಚಕ್ರ ಹಗುರಾಗಿ ಹಿಡಿತ ಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಕಾಗದಪತ್ರ, ಚಾರ್ಜರ್, ಕ್ಯಾಮೆರಾ ನೀರು ಹೋಗದ ಡ್ರೈ ಬ್ಯಾಗಿನಲ್ಲೇ ಇರಲಿ, ಅದರ ಬಾಯಿ ಮೂರು ಸುತ್ತು ಸುತ್ತಿ. ತಳಕ್ಕೆ 1 ಸೆಂ.ಮೀ. ದಪ್ಪದ, ನೀರು ಕುಡಿಯದ ಫೋಮ್ ಹಾಸಿದರೆ ನಾಲ್ಕು ಹನಿ ಒಳಬಂದರೂ ಬಟ್ಟೆಗೆ ತಾಗದು. ಒದ್ದೆ ರೇನ್ ಕೋಟನ್ನು ಹೊರಗೆ ಕಟ್ಟಿ. ರಾತ್ರಿ ಮುಚ್ಚಳ ತೆರೆದಿಡಿ, ಇಲ್ಲದಿದ್ದರೆ ನೀರು ಬಿಡದ ಪೆಟ್ಟಿಗೆ ಒಳಗಿನ ತೇವವನ್ನೂ ಬಿಡದೆ ಬೂಷ್ಟು ಹಿಡಿಸುತ್ತದೆ. ತಿಂಗಳುಗಟ್ಟಲೆ ಎತ್ತಿಡುವಾಗ ಚಿಲಕ ಹಾಕಬೇಡಿ, ಗ್ಯಾಸ್ಕೆಟ್ ಒತ್ತಿಕೊಂಡೇ ಇದ್ದರೆ ಆ ಆಕಾರದಲ್ಲೇ ಉಳಿದುಬಿಡುತ್ತದೆ.