ಮರೆತುಹೋದ ಯಂತ್ರಗಳು

ಇವತ್ತು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್‌ಗೆ ಕಾಯುತ್ತಾ ಕೂತಿದ್ದೆ. ಎದುರಿನ ಬಾಗಿಲ ಮೇಲೆ ಹಳದಿ ಬೋರ್ಡು, ಮೂರು ರೆಕ್ಕೆಯ ಫ್ಯಾನಿನಂಥ ಗುರುತು, ಒಳಗೆ ವಿಕಿರಣ (ರೇಡಿಯೇಶನ್) ಇದೆ ಅನ್ನೋ ಎಚ್ಚರಿಕೆ. ಪಕ್ಕದ ಹುಡುಗ "ಅದೇನಮ್ಮಾ?" ಅಂದ. "ಒಳಗೆ ಹೋಗಬಾರದು ಅಂತ" ಅಂದರು ಅವರಮ್ಮ. ಅಷ್ಟು ಗೊತ್ತಾದರೆ ಸಾಕು, ನಿಜ.

ಬೋರ್ಡೇ ಇಲ್ಲದ ಕಡೆ?

ದೆಹಲಿ ವಿಶ್ವವಿದ್ಯಾಲಯದಲ್ಲಿ ಕೋಬಾಲ್ಟ್-60 ಅನ್ನೋ ವಿಕಿರಣ ಸೂಸುವ ಲೋಹ ಇದ್ದ ಯಂತ್ರವೊಂದು ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತು. 2010ರಲ್ಲಿ ಹರಾಜು ಹಾಕಿ ಗುಜರಿಗೆ ಮಾರಿದರು. ದೆಹಲಿಯದ್ದೇ ಆದ ಮಾಯಾಪುರಿಯ ಗುಜರಿಯವರು ಅದನ್ನು ಬಿಚ್ಚಿದರು. ಒಬ್ಬರು ಅದರ ಚೂರೊಂದನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದರು. ಪರ್ಸಿನಲ್ಲಿ! ವಾಸನೆ ಇಲ್ಲ, ಸದ್ದಿಲ್ಲ, ಒಂದು ಲೋಹದ ಚೂರು ಅಷ್ಟೇ. ಯಾರಿಗೆ ತಾನೇ ಅನುಮಾನ ಬರುತ್ತೆ? ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಜೀವವನ್ನೇ ಕಳೆದುಕೊಂಡರು.

1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲೂ ಹೀಗೇ. ಖಾಲಿ ಮಾಡಿ ಹೋದ ಕ್ಯಾನ್ಸರ್ ಕ್ಲಿನಿಕ್‌ನಲ್ಲಿ ಉಳಿದಿದ್ದ ಯಂತ್ರ, ಒಳಗೆ ಸೀಸಿಯಂ-137, ಅದೂ ವಿಕಿರಣ ಸೂಸುವಂಥದ್ದೇ. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ಅಂತ ಗುಜರಿಯವರು ನೆಂಟರಿಷ್ಟರಿಗೆಲ್ಲ ಹಂಚಿದರು. ನಾಲ್ವರು ಸತ್ತರು. ಅವರಲ್ಲೊಂದು ಆರು ವರ್ಷದ ಮಗು.

ಸೀಸಿಯಂ-137ರ ವಿಕಿರಣ ಅರ್ಧಕ್ಕೆ ಇಳಿಯೋದಕ್ಕೇ ಸುಮಾರು 30 ವರ್ಷ ಬೇಕು. ಅಷ್ಟರಲ್ಲಿ ಯಂತ್ರ ತರಿಸಿದ ಪ್ರೊಫೆಸರ್ ರಿಟೈರ್ ಆಗಿರುತ್ತಾರೆ, ಕ್ಲಿನಿಕ್ ಬೇರೆ ಕಟ್ಟಡಕ್ಕೆ ಹೋಗಿರುತ್ತೆ, ಫೈಲು ಎಲ್ಲೋ ಸೇರಿರುತ್ತೆ. ಕೊಳ್ಳುವ ದಿನವೇ ಅದನ್ನು ವಾಪಸ್ ಕಳಿಸುವ ಖರ್ಚು, ಹೊಣೆ ಎರಡನ್ನೂ ಬರೆದಿಡಬೇಕು ಅಲ್ವಾ? ಗುಜರಿಯವರಿಗೆ ತಿಳಿವಳಿಕೆ ಇರಲಿಲ್ಲ ಅಂತ ತಪ್ಪನ್ನು ಅವರ ತಲೆಗೆ ಕಟ್ಟೋದನ್ನು ನಾನಂತೂ ಒಪ್ಪಲ್ಲ.