ಲೆಫ್ಟ್ ಫೀಲ್ಡ್‌ನಲ್ಲಿ ಒಂದು ಶನಿವಾರ

ನಿನ್ನೆ ಬೆಳಗ್ಗೆಯೇ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟು ಪಕ್ಕದ ಮಿಸಿಸಿಪ್ಪಿ ರಾಜ್ಯದ ಸ್ಟಾರ್ಕ್‌ವಿಲ್‌ಗೆ ಹೋಗಿದ್ದೆವು. ಮಿಸಿಸಿಪ್ಪಿ ಸ್ಟೇಟ್ ಯೂನಿವರ್ಸಿಟಿಯ ಬೇಸ್‌ಬಾಲ್ ಮ್ಯಾಚ್. ಅವರ ಮೈದಾನ ಡ್ಯೂಡಿ ನೋಬಲ್ ಫೀಲ್ಡ್ ನೋಡಬೇಕು ಅಂತ ಎಷ್ಟು ದಿನದ ಆಸೆ!

ಲೆಫ್ಟ್ ಫೀಲ್ಡ್ ಅಂದರೆ ಬ್ಯಾಟ್ ಮಾಡುವವನ ಕಡೆಯಿಂದ ನೋಡಿದರೆ ಮೈದಾನದ ದೂರದ ಎಡಭಾಗ; ಅಲ್ಲಿನ ಬೇಲಿಯ ಆಚೆ ಲೆಫ್ಟ್ ಫೀಲ್ಡ್ ಲೌಂಜ್ ಎಂಬ ಪ್ರೇಕ್ಷಕರ ಜಾಗ ಇದೆ. ಹಿಂದೆ ಜನ ಅಲ್ಲಿ ಪಿಕಪ್ ಟ್ರಕ್ ನಿಲ್ಲಿಸಿ, ಅದರ ಮೇಲೇ ಕೂತು ಆಟ ನೋಡುತ್ತಿದ್ದರು. ಈಗ ಗಟ್ಟಿಮುಟ್ಟಾದ ಕಟ್ಟೆಗಳು ಬಂದಿವೆ, ಆದರೆ ಒಲೆ ಆರಿಲ್ಲ. ಗ್ರಿಲ್ ಹೊಗೆ ಮೈದಾನದ ಮೇಲೆ ತೇಲುತ್ತಲೇ ಇರುತ್ತದೆ. ಗುರುತು ಪರಿಚಯ ಇಲ್ಲದ ನಮ್ಮ ಕೈಗೂ ಒಬ್ಬರು ಬೆಣ್ಣೆ ಸವರಿದ ಬಿಸಿ ಜೋಳದ ತೆನೆ ಇಟ್ಟರು.

ಕಾಲೇಜು ಆಟದಲ್ಲಿ ಬ್ಯಾಟ್ ಲೋಹದ್ದು. ಚೆಂಡು ತಗುಲಿದರೆ 'ಟಿಣ್' ಅನ್ನುತ್ತದೆ. ನನಗೆ ಆ ಸದ್ದೇ ಇಷ್ಟ.

ಮುಂದಿನ ಸಾಲಿನ ಅಜ್ಜಿ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಪ್ರತಿ ಔಟನ್ನೂ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. 2021ರಲ್ಲಿ ಒಮಾಹಾದಲ್ಲಿ ಈ ತಂಡ ಮೊದಲ ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದನ್ನು ಹೇಳುವಾಗ ಅವರ ಕಣ್ಣು ತುಂಬಿತು.

ಆಡುವ ಹುಡುಗರಿಗೆ ಹತ್ತೊಂಬತ್ತು, ಇಪ್ಪತ್ತು ವಯಸ್ಸು. ಇವರಲ್ಲಿ ಹೆಚ್ಚಿನವರು ವೃತ್ತಿಪರ ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ವರೆಗೆ ಹೋಗುವುದಿಲ್ಲ. ಆದರೂ ಒಂದು ಬೇಸ್‌ಗಾಗಿ ಮಣ್ಣಲ್ಲಿ ಎದೆಯೂರಿ ಜಾರುತ್ತಾರೆ. ಮೈಸೂರಿನಲ್ಲಿ ಕಾಲೇಜು ಕ್ರಿಕೆಟ್ ಆಡುತ್ತಿದ್ದ ಅಣ್ಣ ಹೀಗೇ ಮೊಣಕೈ ತರಚಿಸಿಕೊಂಡು ಮನೆಗೆ ಬರುತ್ತಿದ್ದ. ರಾತ್ರಿ ವಾಪಸ್ ಬರುವಾಗ ಅವನಿಗೆ ಫೋನ್ ಮಾಡಿದೆ. ತುಂಬಾ ಹೊತ್ತು ಮಾತಾಡಿದೆವು.